ಪಿ-ಆಡಿಕ್ ಗಣಿತದ ಅಂತರರಾಷ್ಟ್ರೀಯ ಸಮ್ಮೇಳನ: ಕಲಬುರಗಿಯ ಎಂಎಸ್ಸಿ ವಿದ್ಯಾರ್ಥಿಗೆ ಅಲ್ಲಿ ಏನಿದೆ?

ಎಂಎಸ್ಸಿ ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಎಂಎಸ್ಸಿ ಗಣಿತ ಓದುತ್ತಿದ್ದೇನೆ, ಈಗ ಮೂರನೇ ಸೆಮಿಸ್ಟರ್. ಪಿ-ಆಡಿಕ್ ಮತ್ತು ನಾನ್-ಆರ್ಕಿಮಿಡಿಯನ್ ಅನಾಲಿಸಿಸ್ ಕುರಿತ ಒಂದು ಅಂತರರಾಷ್ಟ್ರೀಯ ಸಮ್ಮೇಳನದ ಪ್ರಕಟಣೆ ನಮ್ಮ ಕ್ಲಾಸಿನ ವಾಟ್ಸ್‌ಆಪ್ ಗುಂಪಿಗೆ ಬಂತು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ನನ್ನ ತಲೆಯಿಂದ ಮಾತ್ರ ಅದು ಹೋಗುತ್ತಿಲ್ಲ. ಉಪನ್ಯಾಸಗಳ ವಿಷಯ ಓದಿದೆ. ಅಲ್ಟ್ರಾಮೆಟ್ರಿಕ್ ಬನಾಖ್ ಆಲ್ಜಿಬ್ರಾ, ಪಿ-ಆಡಿಕ್ ಮೆರೊಮಾರ್ಫಿಕ್ ಫಂಕ್ಷನ್, ಹೀಗೆ. ಬನಾಖ್ ಗೊತ್ತು, ಮೆರೊಮಾರ್ಫಿಕ್ ಗೊತ್ತು. ಅವುಗಳ ಮುಂದೆ ಇರುವ ಪದಗಳು ಗೊತ್ತಿಲ್ಲ.

ಈ ವಿಷಯ ಏನು? ರಿಯಲ್ ಅನಾಲಿಸಿಸ್, ಫಂಕ್ಷನಲ್ ಅನಾಲಿಸಿಸ್ ಓದಿದವರಿಗೆ ಅರ್ಥ ಆಗುತ್ತಾ? ಇಂಥ ಸಮ್ಮೇಳನಗಳು ಅಸಲಿಯೋ ನಕಲಿಯೋ ಅಂತ ಹೇಗೆ ತಿಳಿಯುವುದು? ಪೇಪರ್ ಇಲ್ಲದೆ ಸುಮ್ನೆ ಕೇಳಲು ಹೋಗಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಶಹಾಪುರ ಓದುಗ

ತಂಗಿ, ನಾನೂ ಎಂಎಸ್ಸಿ ಗಣಿತದವನೇ. ಈಗ ಕೆ-ಸೆಟ್‌ಗೆ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಓದುತ್ತಿದ್ದೇನೆ. ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಮೊದಲು ನೆಟ್ ಅಥವಾ ಕೆ-ಸೆಟ್ ಪಾಸ್ ಮಾಡು. ಮನೆಯಲ್ಲಿ ನಿನ್ನ ಕೆಲಸಕ್ಕೆ ಕಾಯುತ್ತಿರುವವರು ಇರುತ್ತಾರೆ. ಸಿಲಬಸ್‌ನಲ್ಲಿ ಇಲ್ಲದ ವಿಷಯಕ್ಕೆ ಈಗ ಸಮಯ ಕೊಟ್ಟರೆ ಮುಂದೆ ತೊಂದರೆ ಆಗಬಹುದು. ಇನ್ನೊಬ್ಬರು ಬೇರೆ ಹೇಳಿದರೆ ಅದನ್ನೂ ಕೇಳು.

ಸೇಡಂ ಮಾಸ್ತರ

ಪರೀಕ್ಷೆಯ ಮಾತು ಸರಿಯಾಗಿಯೇ ಇದೆ, ಅದಕ್ಕೆ ಆಮೇಲೆ ಬರೋಣ. ಮೊದಲು ವಿಷಯ. ನಾನು ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡಿದವನು. ಇದನ್ನು ಬಿಎಸ್ಸಿ ಮಕ್ಕಳಿಗೂ ಹೇಳಿಕೊಟ್ಟಿದ್ದೇನೆ. ಬೇಕಾಗಿರುವುದು ಭಾಗಾಕಾರ ಮತ್ತು ಸ್ವಲ್ಪ ತಾಳ್ಮೆ.

ಒಂದು ಅವಿಭಾಜ್ಯ ಸಂಖ್ಯೆ ತಗೋ (ಪಿ-ಆಡಿಕ್‌ನ ಪಿ ಅಂದರೆ ಅದೇ), 5 ಅಂತ ಇಟ್ಟುಕೋ. ಇನ್ನು ಮೇಲೆ ಒಂದು ಸಂಖ್ಯೆ ಎಷ್ಟು ದೊಡ್ಡದು ಅಂತ ಕೇಳಿದರೆ, ಅದರಲ್ಲಿ 5 ಎಷ್ಟು ಸಲ ಹೋಗುತ್ತದೆ ಅಂತ ನೋಡಬೇಕು. ಜಾಸ್ತಿ ಸಲ ಹೋದಷ್ಟೂ ಸಂಖ್ಯೆ ಚಿಕ್ಕದು. 5ರ ಅಳತೆ 1/5. 25ರ ಅಳತೆ 1/25. 625ರ ಅಳತೆ 1/625. 7ರಲ್ಲಿ 5 ಹೋಗುವುದೇ ಇಲ್ಲ, ಹಾಗಾಗಿ ಅದರ ಅಳತೆ 1. ಸೊನ್ನೆಯ ಅಳತೆ 0. ಎರಡು ಸಂಖ್ಯೆಗಳ ನಡುವಿನ ದೂರ ಅಂದರೆ ಅವುಗಳ ವ್ಯತ್ಯಾಸದ ಅಳತೆ. 3 ಮತ್ತು 4ರ ನಡುವಿನ ದೂರ 1. 3 ಮತ್ತು 628ರ ನಡುವಿನ ದೂರ 1/625. ಅಂದರೆ 3ಕ್ಕೆ 4ಕ್ಕಿಂತ 628 ತುಂಬಾ ಹತ್ತಿರ.

ಮನಸ್ಸಿಗೆ ಕೂರಬೇಕಾದರೆ ಪಿನ್ ಕೋಡ್ ನೋಡು. ಕಲಬುರಗಿ 585101, ಅದೇ ಊರಿನ ಇನ್ನೊಂದು ಕೋಡ್ 585102, ಬೀದರ್ 585401, ಬೆಂಗಳೂರು 560001. ಮೊದಲಿಂದ ಎಷ್ಟು ಅಂಕಿ ಒಂದೇ ಇವೆಯೋ ಅಷ್ಟು ಹತ್ತಿರ. ಬೀದರ್‌ಗೆ ಕಲಬುರಗಿಯ ಎರಡೂ ಕೋಡ್‌ಗಳು ಸಮಾನ ದೂರದಲ್ಲಿವೆ, ಎರಡರಲ್ಲೂ ಮೂರೇ ಅಂಕಿ ಹೊಂದುತ್ತವೆ. ಪಿ-ಆಡಿಕ್‌ನಲ್ಲೂ ಇದೇ ನಡೆಯುತ್ತದೆ. ಸಂಖ್ಯೆಯನ್ನು 5ರ ಆಧಾರದಲ್ಲಿ ಬರೆದು, ಅಂಕಿ ನೋಡುವುದನ್ನು ಮಾತ್ರ ಬಲಗಡೆಯ ತುದಿಯಿಂದ ಶುರು ಮಾಡಬೇಕು.

ಈಗ ಮುಖ್ಯ ಮಾತು. ನಮ್ಮ ಸಾಮಾನ್ಯ ದೂರಕ್ಕೆ ತ್ರಿಕೋನ ಅಸಮತೆ ಇದೆ, ಒಂದು ಬಾಹು ಉಳಿದೆರಡರ ಮೊತ್ತಕ್ಕಿಂತ ದೊಡ್ಡದಾಗುವುದಿಲ್ಲ. ಇಲ್ಲಿ ಅದಕ್ಕಿಂತ ಬಿಗಿಯಾದ ನಿಯಮ ಇದೆ. ಒಂದು ಬಾಹು ಉಳಿದೆರಡರಲ್ಲಿ ದೊಡ್ಡದನ್ನು ಮೀರುವುದಿಲ್ಲ. ಇದಕ್ಕೆ ಅಲ್ಟ್ರಾಮೆಟ್ರಿಕ್ ಅಂತ 1944ರಲ್ಲಿ ಹೆಸರಿಟ್ಟವರು ಮಾರ್ಕ್ ಕ್ರಾಸ್ನರ್. ಇದರ ಪರಿಣಾಮ ನೋಡು. 1, 6, 31 ತಗೋ. 1 ಮತ್ತು 6ರ ದೂರ 1/5. 6 ಮತ್ತು 31ರ ದೂರ 1/25. 1 ಮತ್ತು 31ರ ವ್ಯತ್ಯಾಸ 30, ದೂರ ಮತ್ತೆ 1/5. ಎರಡು ಬಾಹು ಸಮ. ಯಾವ ಮೂರು ಸಂಖ್ಯೆ ತಗೊಂಡರೂ ಹೀಗೇ ಬರುತ್ತದೆ, ಎಲ್ಲ ತ್ರಿಕೋನವೂ ಸಮದ್ವಿಬಾಹು.

ಇನ್ನು ಆರ್ಕಿಮಿಡಿಯನ್ ಅಂದರೆ ನಿನಗೆ ಗೊತ್ತಿರುವ ನಿಯಮವೇ. ಒಂದು ಚಿಕ್ಕ ಉದ್ದವನ್ನು ಮತ್ತೆ ಮತ್ತೆ ಕೂಡಿಸುತ್ತಾ ಹೋದರೆ ಕೊನೆಗೆ ಎಷ್ಟೇ ದೊಡ್ಡ ಉದ್ದವನ್ನೂ ದಾಟಬಹುದು. ಇಲ್ಲಿ ಆ ನಿಯಮ ಇಲ್ಲ. 5ನ್ನು ಸಾವಿರ ಸಲ ಕೂಡಿಸು, ಅಳತೆ 1/5ನ್ನು ದಾಟುವುದಿಲ್ಲ. 5000ದಲ್ಲಿ 5 ನಾಲ್ಕು ಸಲ ಹೋಗುತ್ತದೆ, ಅಳತೆ 1/625ಕ್ಕೆ ಇಳಿಯುತ್ತದೆ. ಆದ್ದರಿಂದ ನಾನ್-ಆರ್ಕಿಮಿಡಿಯನ್.

ಭಿನ್ನರಾಶಿಗಳಿಗೆ ನಮ್ಮ ಸಾಮಾನ್ಯ ದೂರ ಹಾಕಿ, ನಡುವಿನ ಖಾಲಿ ಜಾಗ ತುಂಬಿದರೆ ರಿಯಲ್ ಸಂಖ್ಯೆಗಳು ಸಿಗುತ್ತವೆ. ಕೋಶಿ ಸೀಕ್ವೆನ್ಸ್ (ಪದಗಳು ತಮ್ಮ ತಮ್ಮೊಳಗೇ ಹತ್ತಿರವಾಗುತ್ತಾ ಹೋಗುವ ಸಾಲು) ಇಟ್ಟುಕೊಂಡು ನೀನು ಮಾಡಿರುವ ಕೆಲಸವೇ. ಅದೇ ಕೆಲಸವನ್ನು ಈ 5ರ ದೂರದಿಂದ ಮಾಡಿದರೆ 5-ಆಡಿಕ್ ಸಂಖ್ಯೆಗಳು ಸಿಗುತ್ತವೆ. ಜರ್ಮನಿಯ ಕುರ್ಟ್ ಹೆನ್ಸೆಲ್ 1897ರಲ್ಲಿ ಇವುಗಳನ್ನು ಪರಿಚಯಿಸಿದರು. 1916ರಲ್ಲಿ ಆಸ್ಟ್ರೋವ್ಸ್ಕಿ ಒಂದು ಪ್ರಮೇಯ ಸಾಧಿಸಿದರು. ಭಿನ್ನರಾಶಿಗಳ ಮೇಲೆ ಅರ್ಥವುಳ್ಳ ಅಳತೆ ಹಾಕಲು ಇರುವ ದಾರಿಗಳು ಇಷ್ಟೇ, ಒಂದು ಸಾಮಾನ್ಯ ಅಳತೆ, ಮತ್ತೆ ಪ್ರತಿ ಅವಿಭಾಜ್ಯ ಸಂಖ್ಯೆಗೂ ಒಂದೊಂದು ಪಿ-ಆಡಿಕ್ ಅಳತೆ. ಮೂರನೆಯದು ಇಲ್ಲ. ಅಂದರೆ ಈ ಅಳತೆಗಳು ಯಾರೋ ಹವ್ಯಾಸಕ್ಕೆ ಕಟ್ಟಿದವಲ್ಲ. ಸಂಖ್ಯೆಗಳ ಒಳಗೇ ಇದ್ದವು. ನಾವು ಶಾಲೆಯಿಂದ ಎಂಎಸ್ಸಿವರೆಗೆ ಅವುಗಳಲ್ಲಿ ಒಂದನ್ನು ಮಾತ್ರ ಕಲಿಸುತ್ತೇವೆ. ಇದು ನನಗೆ ಬಹಳ ಬೇಸರದ ಸಂಗತಿ.

ಬೀದರ್ ಕೋಟೆ

ಸರ್, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ನಾನು ಸಾಫ್ಟ್‌ವೇರ್‌ನವನು, ಒಂದು ಮಾತು ಸೇರಿಸುತ್ತೇನೆ. 2-ಆಡಿಕ್ ಲೆಕ್ಕವನ್ನು ಕಂಪ್ಯೂಟರ್ ದಿನಾ ಮಾಡುತ್ತದೆ. 8 ಬಿಟ್‌ನಲ್ಲಿ -1 ಬರೆಯಬೇಕಾದರೆ ಎಂಟೂ ಜಾಗದಲ್ಲಿ 1 ಹಾಕುತ್ತಾರೆ, 11111111. ಬಿಡಿಸಿದರೆ ಅದು 1+2+4+8+16+32+64+128, ಅಂದರೆ 255. ಅದಕ್ಕೆ 1 ಕೂಡಿಸಿದರೆ 256. ಒಂಬತ್ತನೇ ಬಿಟ್‌ಗೆ ಜಾಗ ಇಲ್ಲ, ಉಳಿಯುವುದು ಸೊನ್ನೆ. ಆದ್ದರಿಂದ ಅದು -1. ಕಾಲೇಜಿನಲ್ಲಿ ಇದನ್ನು ಟೂಸ್ ಕಾಂಪ್ಲಿಮೆಂಟ್ ಅಂತ ಬಾಯಿಪಾಠ ಮಾಡಿದ್ದೆವು. ಬಿಟ್‌ಗಳಿಗೆ ಕೊನೆಯೇ ಇಲ್ಲದಿದ್ದರೆ 1+2+4+8+... ಪೂರ್ತಿ ಸರಣಿಯ ಮೊತ್ತ -1 ಆಗಬೇಕಲ್ವಾ?

ಸೇಡಂ ಮಾಸ್ತರ

ಹೌದ್ರಿ, 2-ಆಡಿಕ್‌ನಲ್ಲಿ ಅದು ನಿಜವಾದ ಮೊತ್ತ. ಭಾಗಶಃ ಮೊತ್ತಗಳು 1, 3, 7, 15, 31. ಅವುಗಳಿಂದ -1ಕ್ಕೆ ಇರುವ ವ್ಯತ್ಯಾಸ 2, 4, 8, 16, 32. 2-ಆಡಿಕ್ ಅಳತೆಯಲ್ಲಿ ಅವು 1/2, 1/4, 1/8, 1/16, 1/32. ಸೊನ್ನೆಗೆ ಇಳಿಯುತ್ತಿವೆ. ಲಿಮಿಟ್‌ನ ಅದೇ ಹಳೆಯ ವ್ಯಾಖ್ಯೆ.

ಎಂಎಸ್ಸಿ ಕಲಬುರಗಿ

ಸರ್, ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕೂತು ಲೆಕ್ಕ ಮಾಡಿದೆ. ಬಿಗಿಯಾದ ಅಸಮತೆ ಇಟ್ಟುಕೊಂಡರೆ ಒಂದು ಚೆಂಡಿನ (ಅಂದರೆ ಒಂದು ಬಿಂದುವಿನಿಂದ ಇಷ್ಟು ದೂರದೊಳಗೆ ಇರುವ ಎಲ್ಲ ಬಿಂದುಗಳ ಗುಂಪಿನ) ಒಳಗಿನ ಯಾವ ಬಿಂದುವನ್ನು ತಗೊಂಡರೂ ಅದೇ ಆ ಚೆಂಡಿನ ಕೇಂದ್ರ ಅಂತ ಬರುತ್ತಿದೆ. ಎರಡು ಚೆಂಡುಗಳು ಒಂದನ್ನೊಂದು ಅರ್ಧಂಬರ್ಧ ಮುಟ್ಟಲು ಆಗುವುದಿಲ್ಲ. ಒಂದು ಇನ್ನೊಂದರ ಒಳಗೆ ಇರಬೇಕು, ಇಲ್ಲಾಂದರೆ ಪೂರ್ತಿ ಬೇರೆ ಇರಬೇಕು. ಇದು ಸರಿಯೇ? ಸರಿ ಇದ್ದರೆ, ಕಾಂಪ್ಲೆಕ್ಸ್ ಅನಾಲಿಸಿಸ್‌ನಲ್ಲಿ ಚೆಂಡಿನಿಂದ ಚೆಂಡಿಗೆ ದಾಟುತ್ತಾ ಅನಲಿಟಿಕ್ ಕಂಟಿನ್ಯುಯೇಷನ್ (ಒಂದು ಕಡೆ ಗೊತ್ತಿರುವ ಫಂಕ್ಷನ್ನನ್ನು ಆಚೆಗೂ ವಿಸ್ತರಿಸುವುದು) ಮಾಡುತ್ತೇವಲ್ಲಾ, ಅದು ಇಲ್ಲಿ ಹೇಗೆ ನಡೆಯುತ್ತದೆ?

ಕಡಗಂಚಿ ರಸ್ತೆ

ನಾನು ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. (ಅಂಕಿಅಂಶದ ಸ್ಟ್ಯಾಟಿಸ್ಟಿಕ್ಸ್ ಅಲ್ಲ, ನಂಬರ್ ಥಿಯರಿ.) ತಂಗಿ, ನೀನು ಸರಿಯಾಗಿ ಕಂಡುಕೊಂಡಿದ್ದೀಯ. ಚೆಂಡಿನಿಂದ ಚೆಂಡಿಗೆ ದಾಟುವ ಆ ವಿಧಾನ ಇಲ್ಲಿ ನಡೆಯುವುದಿಲ್ಲ. ಇಡೀ ಜಾಗ ಚೂರು ಚೂರಾಗಿದೆ, ಟೋಟಲಿ ಡಿಸ್‌ಕನೆಕ್ಟೆಡ್. ಈ ಒಂದು ಅಡ್ಡಿಯನ್ನು ದಾಟಲು ದೊಡ್ಡವರೇ ಹೆಣಗಿದರು. ಜಾನ್ ಟೇಟ್ 1960ರ ದಶಕದ ಆರಂಭದಲ್ಲಿ ರಿಜಿಡ್ ಅನಲಿಟಿಕ್ ಸ್ಪೇಸ್ ಕಟ್ಟಿದರು. ವ್ಲಾದಿಮಿರ್ ಬರ್ಕೋವಿಚ್ 1990ರಲ್ಲಿ ಇನ್ನೊಂದು ದಾರಿ ತೋರಿಸಿದರು, ಚೂರುಗಳ ನಡುವೆ ಹೊಸ ಬಿಂದುಗಳನ್ನು ಸೇರಿಸಿ ಜಾಗವನ್ನು ಮತ್ತೆ ಕೂಡಿಸಿದರು. ಪೀಟರ್ ಶೋಲ್ಜೆ ಅವರ ಪರ್ಫೆಕ್ಟಾಯ್ಡ್ ಸ್ಪೇಸ್‌ಗಳೂ ಇದೇ ಮನೆತನದವು. 2018ರಲ್ಲಿ ಅವರಿಗೆ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಬಂತು.

ಈಗ ಸಮ್ಮೇಳನದಲ್ಲಿ ಏನಿರುತ್ತದೆ ಅನ್ನುವುದಕ್ಕೆ ಬರುತ್ತೇನೆ. ನೀನು ಓದಿರುವ ಅನಾಲಿಸಿಸ್ ಪ್ರಮೇಯಗಳನ್ನು ಒಂದೊಂದಾಗಿ ತೆಗೆದುಕೊಂಡು, ರಿಯಲ್ ಸಂಖ್ಯೆಗಳ ಜಾಗದಲ್ಲಿ ಪಿ-ಆಡಿಕ್ ಹಾಕಿದರೆ ಏನು ಉಳಿಯುತ್ತದೆ, ಏನು ಮುರಿಯುತ್ತದೆ, ಮುರಿದ ಜಾಗದಲ್ಲಿ ಏನು ಬರುತ್ತದೆ ಅಂತ ಕೇಳುತ್ತಾರೆ.

ಕೆಲವು ಕಡೆ ಸುಖ ಇದೆ. ಒಂದು ಸರಣಿ ಕನ್ವರ್ಜ್ ಆಗಬೇಕಾದರೆ, ಅಂದರೆ ಅದಕ್ಕೆ ನಿಶ್ಚಿತ ಮೊತ್ತ ಇರಬೇಕಾದರೆ, ಅದರ ಪದಗಳು ಸೊನ್ನೆಗೆ ಹೋದರೆ ಸಾಕು. ಪದಗಳು ಸೊನ್ನೆಗೆ ಹೋದರೂ ಮೊತ್ತ ಮಿತಿ ಮೀರುವ 1+1/2+1/3+... ಥರದ ಕಾಟ ಇಲ್ಲ. ನಿರಂತರ ಫಂಕ್ಷನ್‌ಗಳ ವಿಷಯದಲ್ಲೂ ಹಾಗೇ. 1958ರಲ್ಲಿ ಕುರ್ಟ್ ಮಾಹ್ಲರ್ ತೋರಿಸಿದರು, ಪಿ-ಆಡಿಕ್ ಪೂರ್ಣಾಂಕಗಳ ಮೇಲಿನ ಪ್ರತಿ ನಿರಂತರ ಫಂಕ್ಷನ್ನನ್ನೂ ಬೈನಾಮಿಯಲ್ ಪಾಲಿನಾಮಿಯಲ್‌ಗಳ ಸರಣಿಯಾಗಿ ಬರೆಯಬಹುದು, ಅದರ ಸಹಗುಣಕಗಳು ಸೊನ್ನೆಗೆ ಹೋಗುತ್ತವೆ.

ಕೆಲವು ಕಡೆ ಕಷ್ಟ. 5ರಿಂದ ಭಾಗವಾಗುವ ಸಂಖ್ಯೆಗೆ 1, ಉಳಿದವಕ್ಕೆ 0 ಕೊಡುವ ಫಂಕ್ಷನ್ ತಗೋ. 5-ಆಡಿಕ್ ಪೂರ್ಣಾಂಕಗಳ ಮೇಲೆ ಇದು ನಿರಂತರ, ಎಲ್ಲ ಕಡೆ ಡೆರಿವೇಟಿವ್ ಸೊನ್ನೆ, ಆದರೂ ಕಾನ್‌ಸ್ಟೆಂಟ್ ಅಲ್ಲ. ಮೀನ್ ವ್ಯಾಲ್ಯೂ ಪ್ರಮೇಯ ಹೋಯಿತು. ಎಕ್ಸ್‌ಪೊನೆನ್ಷಿಯಲ್ ಸರಣಿಯೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಛೇದದಲ್ಲಿರುವ ಫ್ಯಾಕ್ಟೋರಿಯಲ್‌ಗಳು ಇಲ್ಲಿ ಚಿಕ್ಕವಾಗುತ್ತವೆ, ಅದರಿಂದ ಪದಗಳು ದೊಡ್ಡವಾಗುತ್ತವೆ. 5-ಆಡಿಕ್‌ನಲ್ಲಿ 5ರಿಂದ ಭಾಗವಾಗುವ ಸಂಖ್ಯೆಗಳಿಗೆ ಮಾತ್ರ ಅದು ಕನ್ವರ್ಜ್ ಆಗುತ್ತದೆ. 1ಕ್ಕೆ ಆಗುವುದಿಲ್ಲ.

ಹಾನ್-ಬನಾಖ್ ಪ್ರಮೇಯವನ್ನು (ಚಿಕ್ಕ ಜಾಗದ ಮೇಲಿನ ಲೀನಿಯರ್ ಫಂಕ್ಷನಲ್ಲನ್ನು ಅಳತೆ ಹೆಚ್ಚದಂತೆ ಇಡೀ ಜಾಗಕ್ಕೆ ವಿಸ್ತರಿಸಬಹುದು ಅನ್ನುವುದು) ಈ ಸೆಮಿಸ್ಟರ್‌ನಲ್ಲೇ ಓದುತ್ತಿರಬಹುದು. ಅದು ಇಲ್ಲಿ ನಿಲ್ಲುತ್ತದೆಯೇ? ಇದಕ್ಕೆ 1952ರಲ್ಲಿ ಇಂಗಲ್‌ಟನ್ ಉತ್ತರ ಕೊಟ್ಟರು. ನಾವು ಬಳಸುವ ಸಂಖ್ಯೆಗಳ ಲೋಕ, ಅಂದರೆ ಫೀಲ್ಡ್, ಸ್ಫೆರಿಕಲಿ ಕಂಪ್ಲೀಟ್ ಇದ್ದರೆ ನಿಲ್ಲುತ್ತದೆ. ಅಂದರೆ ಒಂದರೊಳಗೊಂದು ಕೂರುವ ಚೆಂಡುಗಳ ಯಾವ ಸಾಲು ತಗೊಂಡರೂ ಅವೆಲ್ಲಕ್ಕೂ ಸೇರಿದ ಒಂದು ಬಿಂದುವಾದರೂ ಇರಬೇಕು. ಪಿ-ಆಡಿಕ್ ಸಂಖ್ಯೆಗಳ ಫೀಲ್ಡ್‌ನಲ್ಲಿ ಇದು ಸರಿ. ಆದರೆ ಕಾಂಪ್ಲೆಕ್ಸ್ ಸಂಖ್ಯೆಗಳ ಜಾಗದಲ್ಲಿ ಇಲ್ಲಿ ಬಳಸುವ ದೊಡ್ಡ ಫೀಲ್ಡ್ ಇದೆಯಲ್ಲಾ, ಅದರಲ್ಲಿ ಸರಿಯಲ್ಲ. ಅದು ಕಂಪ್ಲೀಟ್, ಆದರೂ ಸ್ಫೆರಿಕಲಿ ಕಂಪ್ಲೀಟ್ ಅಲ್ಲ. ಒಳಗೊಳಗೆ ಹೋಗುವ ಚೆಂಡುಗಳಿದ್ದು, ಕೊನೆಗೆ ಕೈಗೆ ಒಂದು ಬಿಂದುವೂ ಸಿಗದ ಸಾಲುಗಳಿವೆ. ನನ್ನನ್ನು ಈ ವಿಷಯಕ್ಕೆ ಎಳೆದಿದ್ದು ಇದೇ ಒಂದು ಸಂಗತಿ. ಕಂಪ್ಲೀಟ್ ಅಂದರೆ ಏನು ಅಂತ ನನಗೆ ಆಗ ಅರ್ಥವಾಯಿತು.

ಎಂಎಸ್ಸಿ ಕಲಬುರಗಿ

ಅಣ್ಣ, ಹಾನ್-ಬನಾಖ್ ಹೋದ ವಾರವಷ್ಟೇ ಮುಗಿಯಿತು! ಅದರ ಸಾಧನೆಯಲ್ಲಿ ಸಂಖ್ಯೆಗಳ ಕ್ರಮ ಬಳಸಿ ಸುಪ್ರೀಮಂ ತಗೊಳ್ಳುವ ಹೆಜ್ಜೆ ಇದೆಯಲ್ಲಾ, ಅದರ ಜಾಗದಲ್ಲಿ ಈ ಚೆಂಡುಗಳು ಬರುತ್ತವೆ, ಸರಿನಾ? ಇವತ್ತೇ ಮತ್ತೆ ತೆಗೆದು ನೋಡುತ್ತೇನೆ.

ಕಡಗಂಚಿ ರಸ್ತೆ

ಸರಿ. ಅಷ್ಟು ಕಂಡಿದೆ ಅಂದರೆ ಇಂಗಲ್‌ಟನ್ ಸಾಧನೆಯನ್ನು ನೀನೇ ಬರೆಯಬಹುದು.

ಇನ್ನೊಂದು ಲೆಕ್ಕ ಕೊಡುತ್ತೇನೆ. 1×1! + 2×2! + 3×3! + ... ಈ ಸರಣಿಯ ಮೊತ್ತ ಎಷ್ಟು? ಪ್ರತಿ ಪದವನ್ನೂ ಎರಡು ಫ್ಯಾಕ್ಟೋರಿಯಲ್‌ಗಳ ವ್ಯತ್ಯಾಸವಾಗಿ ಬರೆ. ಯಾವ ಅವಿಭಾಜ್ಯ ಸಂಖ್ಯೆ ತಗೊಂಡರೂ ಉತ್ತರ -1. ಈಗ ಮುಂದಿನ ಗುಣಕ ತೆಗೆದುಹಾಕಿ ಬರೀ 1! + 2! + 3! + ... ತಗೋ. ಇದೂ ಕನ್ವರ್ಜ್ ಆಗುತ್ತದೆ. ಅದರ ಮೊತ್ತ ಭಿನ್ನರಾಶಿಯೋ ಅಲ್ಲವೋ? ಇದು ಇವತ್ತಿಗೂ ತೆರೆದ ಪ್ರಶ್ನೆ. ಪಿಯುಸಿ ಹುಡುಗನಿಗೆ ಪ್ರಶ್ನೆ ಅರ್ಥವಾಗುತ್ತದೆ, ಉತ್ತರ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ.

ಶಹಾಪುರ ಓದುಗ

ಓದಿದೆ, ಖುಷಿಯಾಯಿತು. ಆದರೂ ಕೇಳಲೇಬೇಕು. ಇದರಿಂದ ಏನು ಉಪಯೋಗ? ನಾನು ಕುಹಕಕ್ಕೆ ಕೇಳುತ್ತಿಲ್ಲ. ಸಂದರ್ಶನದಲ್ಲಿ ಕೇಳುತ್ತಾರೆ, ಮನೆಯಲ್ಲೂ ಕೇಳುತ್ತಾರೆ.

ಬೀದರ್ ಕೋಟೆ

ನನ್ನ ಕಡೆಯಿಂದ ಎರಡು. ಪೂರ್ಣಾಂಕಗಳಿರುವ ದೊಡ್ಡ ಸಮೀಕರಣ ಗುಂಪಿಗೆ ದಶಮಾಂಶದ ತಪ್ಪಿಲ್ಲದೆ ಕರಾರುವಾಕ್ ಉತ್ತರ ಬೇಕು ಅಂದರೆ, 1982ರಲ್ಲಿ ಜಾನ್ ಡಿಕ್ಸನ್ ಕೊಟ್ಟ ಪಿ-ಆಡಿಕ್ ವಿಧಾನ ಇದೆ. ಉತ್ತರವನ್ನು ಪಿ-ಆಡಿಕ್ ಅಂಕಿಗಳಾಗಿ ಒಂದೊಂದೇ ಕಂಡುಹಿಡಿದು, ಕೊನೆಗೆ ಭಿನ್ನರಾಶಿಗೆ ಮರಳಿಸುತ್ತಾರೆ. ಎರಡನೆಯದು, ಗುಪ್ತಲಿಪಿಗೆ ಬಳಸುವ ವಕ್ರರೇಖೆಗಳ ಮೇಲೆ ಎಷ್ಟು ಬಿಂದುಗಳಿವೆ ಅಂತ ಎಣಿಸಬೇಕಾಗುತ್ತದೆ. ಅದಕ್ಕೆ 2001ರಲ್ಲಿ ಕಿರಣ್ ಕೆಡ್ಲಾಯಾ ಕೊಟ್ಟ ಅಲ್ಗಾರಿದಂ ಪೂರ್ತಿ ಪಿ-ಆಡಿಕ್.

ಸೇಡಂ ಮಾಸ್ತರ

ಗಣಿತದ ಒಳಗಿನ ಉಪಯೋಗ ನಾನು ಹೇಳುತ್ತೇನೆ, ನನಗೆ ಅದೇ ಹೆಚ್ಚು.

ಒಂದು ಚೌಕವನ್ನು ಸಮಾನ ವಿಸ್ತೀರ್ಣದ ತ್ರಿಕೋನಗಳಾಗಿ ಕತ್ತರಿಸಬೇಕು. ಎರಡು ತ್ರಿಕೋನ, ನಾಲ್ಕು ತ್ರಿಕೋನ ಸುಲಭ. ಮೂರು? ಐದು? ಬೆಸ ಸಂಖ್ಯೆಯಲ್ಲಿ ಕತ್ತರಿಸಲು ಸಾಧ್ಯವೇ ಇಲ್ಲ ಅಂತ ಪಾಲ್ ಮೊನ್ಸ್ಕಿ 1970ರಲ್ಲಿ ಸಾಧಿಸಿದರು. ಕತ್ತರಿ, ಕಾಗದದ ಪ್ರಶ್ನೆ. ಸಾಧನೆಯಲ್ಲಿ ಬಂದದ್ದು 2-ಆಡಿಕ್ ಅಳತೆ. ಚೌಕದ ಬಿಂದುಗಳಿಗೆ ಅವುಗಳ 2-ಆಡಿಕ್ ಅಳತೆ ನೋಡಿ ಮೂರು ಬಣ್ಣ ಹಚ್ಚುತ್ತಾರೆ. ಮೂರೂ ಬಣ್ಣದ ಮೂಲೆಗಳಿರುವ ಒಂದು ತ್ರಿಕೋನ ಸಿಕ್ಕೇ ಸಿಗುತ್ತದೆ, ಅದರ ವಿಸ್ತೀರ್ಣದ ಛೇದದಲ್ಲಿ 2 ಇರಲೇಬೇಕು ಅಂತ ತೋರಿಸುತ್ತಾರೆ. ವಿಸ್ತೀರ್ಣ 1/3 ಅಥವಾ 1/5 ಆಗಿದ್ದರೆ ಅದು ಸಾಧ್ಯವಿಲ್ಲ. ಈ ಸಾಧನೆಯನ್ನು ನಾನು ಪಾಠ ಮಾಡಿದಾಗ ಹಿಂದಿನ ಬೆಂಚಿನ ಹುಡುಗರು ಮುಂದೆ ಬಂದು ಕೂತರು.

ಇನ್ನೊಂದು, ಸಮೀಕರಣಗಳು. ಎರಡು ಪೂರ್ಣಾಂಕಗಳ ವರ್ಗಗಳ ಮೊತ್ತ ಇನ್ನೊಂದು ಪೂರ್ಣಾಂಕದ ವರ್ಗದ ಮೂರು ಪಟ್ಟು ಆಗಬಹುದೇ? ಸೊನ್ನೆ ಬಿಟ್ಟರೆ ಆಗುವುದಿಲ್ಲ. 3-ಆಡಿಕ್ ಆಗಿ ನೋಡಿದರೆ ಎರಡೇ ಸಾಲಿನಲ್ಲಿ ಗೊತ್ತಾಗುತ್ತದೆ. ಹೆನ್ಸೆಲ್ ಅವರ ಶಿಷ್ಯ ಹೆಲ್ಮುಟ್ ಹಾಸೆ ಇನ್ನೂ ಮುಂದೆ ಹೋದರು. ಇಂಥ ವರ್ಗ ಸಮೀಕರಣಕ್ಕೆ ರಿಯಲ್‌ನಲ್ಲಿ ಮತ್ತು ಎಲ್ಲ ಪಿ-ಆಡಿಕ್‌ಗಳಲ್ಲಿ ಉತ್ತರ ಇದ್ದರೆ, ಭಿನ್ನರಾಶಿಗಳಲ್ಲೂ ಉತ್ತರ ಇದ್ದೇ ಇರುತ್ತದೆ. ಘನ ಸಮೀಕರಣಕ್ಕೆ ಇದು ನಿಲ್ಲುವುದಿಲ್ಲ ಅಂತ 1951ರಲ್ಲಿ ಸೆಲ್ಮರ್ ಉದಾಹರಣೆ ಕೊಟ್ಟರು. ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ, ಯಾಕೆ ಅನ್ನುವುದೇ ಈಗ ದೊಡ್ಡ ಕ್ಷೇತ್ರ.

ಮತ್ತೆ ಇದು ದೂರದ ಮಾತೂ ಅಲ್ಲ. 2010ರ ಆಗಸ್ಟ್‌ನಲ್ಲಿ ಗಣಿತಜ್ಞರ ಅಂತರರಾಷ್ಟ್ರೀಯ ಮಹಾಸಮ್ಮೇಳನ ಹೈದರಾಬಾದ್‌ನಲ್ಲೇ ನಡೆಯಿತು. ಬೀದರ್‌ನಿಂದ ಸುಮಾರು 150 ಕಿಲೋಮೀಟರ್. ಅಲ್ಲಿ ಫೀಲ್ಡ್ಸ್ ಪದಕ ಪಡೆದವರಲ್ಲಿ ಒಬ್ಬರು ವಿಯೆಟ್ನಾಂ ಮೂಲದ ನ್ಗೊ ಬಾವ್ ಚೌ. ಅವರು ಸಾಧಿಸಿದ ಫಂಡಮೆಂಟಲ್ ಲೆಮ್ಮಾ ನಾನ್-ಆರ್ಕಿಮಿಡಿಯನ್ ಫೀಲ್ಡ್‌ಗಳ ಮೇಲಿನ ಮಾತು.

ಕಾಗಿಣಾ ದಂಡೆ

ನಾನು ಹೈಸ್ಕೂಲ್ ಮಾಸ್ತರ, ಊರು ಮಳಖೇಡದ ಹತ್ತಿರ. ಈ ಚರ್ಚೆ ಓದುತ್ತಾ ನಮ್ಮೂರಿನ ನೆನಪಾಯಿತು. ಮಳಖೇಡ ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಅವನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ ಗಣಿತಸಾರಸಂಗ್ರಹ ಬರೆದರು. ಖಗೋಳದ ಜೊತೆ ಬೆರೆಸದೆ ಬರೀ ಗಣಿತಕ್ಕೆ ಅಂತ ಬರೆದ ಗ್ರಂಥ. ಅದರಲ್ಲಿ ಒಂದು ಮಾತಿದೆ. ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ. ಅಷ್ಟು ಹಿಂದೆ ಆ ಪ್ರಶ್ನೆಯನ್ನು ಎತ್ತಿಕೊಂಡು ಹೀಗೆ ಸ್ಪಷ್ಟವಾಗಿ ಬರೆದಿದ್ದಾರೆ. ಕಾಂಪ್ಲೆಕ್ಸ್ ಸಂಖ್ಯೆಗಳಲ್ಲಿ ಮೂಲ ಇದೆ ಅಂತ ನಮಗೆ ಗೊತ್ತು. ಪಿ-ಆಡಿಕ್‌ನಲ್ಲಿ ಏನಾಗುತ್ತದೆ ಸರ್?

ಸೇಡಂ ಮಾಸ್ತರ

ಎಂಥ ಒಳ್ಳೆಯ ಪ್ರಶ್ನೆ! ಉತ್ತರವನ್ನು ಲೆಕ್ಕ ಮಾಡಿಯೇ ನೋಡೋಣ.

5-ಆಡಿಕ್ ತಗೊಳ್ಳಿ. ವರ್ಗ ಮಾಡಿದರೆ -1ಕ್ಕೆ ಹತ್ತಿರ ಬರುವ ಸಂಖ್ಯೆ ಬೇಕು. 2ರ ವರ್ಗ 4. -1ರಿಂದ ವ್ಯತ್ಯಾಸ 5, ಅದರಲ್ಲಿ 5 ಒಂದು ಸಲ ಹೋಗುತ್ತದೆ. 7ರ ವರ್ಗ 49, -1ರಿಂದ ವ್ಯತ್ಯಾಸ 50, ಅದರಲ್ಲಿ 25 ಹೋಗುತ್ತದೆ. 57ರ ವರ್ಗ 3249, ವ್ಯತ್ಯಾಸ 3250, ಅದರಲ್ಲಿ 125 ಹೋಗುತ್ತದೆ. 182ರ ವರ್ಗ 33124, ವ್ಯತ್ಯಾಸ 33125, ಅದು 625ರ 53 ಪಟ್ಟು. ಪ್ರತಿ ಹೆಜ್ಜೆಗೂ -1ಕ್ಕೆ ಇನ್ನಷ್ಟು ಹತ್ತಿರ. 2, 7, 57, 182 ತಮ್ಮ ತಮ್ಮೊಳಗೂ ಹತ್ತಿರ ಬರುತ್ತಿವೆ, ವ್ಯತ್ಯಾಸ 5, 50, 125. ಕೋಶಿ ಸೀಕ್ವೆನ್ಸ್. ಅದರ ಲಿಮಿಟ್ -1ರ ವರ್ಗಮೂಲ.

ಅಂದರೆ 5-ಆಡಿಕ್‌ನಲ್ಲಿ -1ಕ್ಕೆ ವರ್ಗಮೂಲ ಇದೆ. ಹೊಸದಾಗಿ ಒಂದು ಚಿಹ್ನೆ ತಂದು ಸೇರಿಸಬೇಕಿಲ್ಲ. ಮೊದಲ ಹೆಜ್ಜೆ ಸಿಕ್ಕರೆ ಉಳಿದ ಹೆಜ್ಜೆಗಳು ತಾನಾಗಿ ಸಿಗುತ್ತವೆ ಅನ್ನುವುದೇ ಹೆನ್ಸೆಲ್ ಲೆಮ್ಮಾ. ಕ್ಯಾಲ್ಕುಲಸ್‌ನಲ್ಲಿ ನ್ಯೂಟನ್ ವಿಧಾನ ಕಲಿತಿದ್ದೀರಲ್ಲಾ, ಅದೇ ಸೂತ್ರ. ಮಹಾವೀರಾಚಾರ್ಯರ ಮಾತು ರಿಯಲ್ ಸಂಖ್ಯೆಗಳಿಗೆ ಪೂರ್ತಿ ಸರಿ. ಅಲ್ಲಿ ಧನ, ಋಣ ಅಂತ ಕ್ರಮ ಇದೆ. ಪಿ-ಆಡಿಕ್‌ನಲ್ಲಿ ಆ ಕ್ರಮವೇ ಇಲ್ಲ.

ಸುರಪುರ ಟೀಚರ್

ಸಮ್ಮೇಳನದ ಅಸಲಿ ನಕಲಿ ಬಗ್ಗೆ ಯಾರೂ ಇನ್ನೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ಎಂಫಿಲ್ ಮಾಡುವಾಗ ನಾನು ಒಂದು "ಅಂತರರಾಷ್ಟ್ರೀಯ" ಸಮ್ಮೇಳನಕ್ಕೆ ದುಡ್ಡು ಕಟ್ಟಿದ್ದೆ. ಗಣಿತ, ವಾಣಿಜ್ಯ, ಕೃಷಿ, ಮ್ಯಾನೇಜ್‌ಮೆಂಟ್ ಎಲ್ಲ ಒಂದೇ ಹಾಲ್‌ನಲ್ಲಿ. ಒಬ್ಬೊಬ್ಬರಿಗೆ ಐದೈದು ನಿಮಿಷ. ನನ್ನ ಪೇಪರನ್ನು ಯಾರೂ ಓದಿರಲಿಲ್ಲ. ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ನಮ್ಮ ಭಾಗದ ಎಷ್ಟೋ ಹುಡುಗಿಯರು ಮನೆಯವರನ್ನು ಕಷ್ಟಪಟ್ಟು ಒಪ್ಪಿಸಿ ಹೀಗೆ ಹೋಗಿ ದುಡ್ಡು ಕಳೆದುಕೊಳ್ಳುತ್ತಾರೆ. ನನಗೆ ಇವತ್ತಿಗೂ ಸಿಟ್ಟಿದೆ.

ತಂಗಿ, ಇದಿಷ್ಟು ನೋಡು. ವಿಷಯ ಒಂದೇ ಇರಬೇಕು. ವೈಜ್ಞಾನಿಕ ಸಮಿತಿಯವರ ಹೆಸರು ಕೊಟ್ಟಿರಬೇಕು. ಆ ಹೆಸರುಗಳನ್ನು ಝೆಡ್‌ಬಿಮ್ಯಾತ್ ಓಪನ್ ಅನ್ನುವ ಗಣಿತ ಪ್ರಬಂಧಗಳ ಆನ್‌ಲೈನ್ ಸೂಚಿಯಲ್ಲಿ ಹಾಕಿ ಹುಡುಕು, 2021ರಿಂದ ಅದು ಎಲ್ಲರಿಗೂ ಉಚಿತ. ಅವರು ಅದೇ ವಿಷಯದಲ್ಲಿ ಬರೆದಿದ್ದಾರಾ ಅಂತ ಗೊತ್ತಾಗುತ್ತದೆ. ಹಿಂದಿನ ಸಮ್ಮೇಳನದ ಪ್ರಬಂಧಗಳು ಎಲ್ಲಿ ಪ್ರಕಟವಾಗಿವೆ ನೋಡು. ಅಬ್‌ಸ್ಟ್ರ್ಯಾಕ್ಟ್ ಕಳಿಸಿದ ಮಾರನೇ ದಿನವೇ ಒಪ್ಪಿಗೆ ಬಂದು, ಜೊತೆಗೆ ಬ್ಯಾಂಕ್ ಖಾತೆ ನಂಬರ್ ಬಂದರೆ ಅಲ್ಲಿಗೆ ಬಿಟ್ಟುಬಿಡು.

ಕಡಗಂಚಿ ರಸ್ತೆ

ಅಕ್ಕ ಹೇಳಿದ ಪ್ರತಿ ಮಾತೂ ನಿಜ. ಈ ವಿಷಯದಲ್ಲಿ ಒಂದು ಗಟ್ಟಿ ಪರಂಪರೆ ಇದೆ, ಅದನ್ನು ತಿಳಿದಿದ್ದರೆ ಹೋಲಿಸಿ ನೋಡಬಹುದು. ಪಿ-ಆಡಿಕ್ ಫಂಕ್ಷನಲ್ ಅನಾಲಿಸಿಸ್ ಸಮ್ಮೇಳನಗಳ ಸರಣಿ 1990ರಲ್ಲಿ ಸ್ಪೇನ್‌ನ ಲಾರೆಡೊದಲ್ಲಿ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ನಡೆಯುತ್ತಾ ಬಂತು. ಹತ್ತನೆಯದು 2008ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. 2012ರದ್ದು ಕೆನಡಾದ ವಿನ್ನಿಪೆಗ್, 2014ರದ್ದು ಜರ್ಮನಿಯ ಪಾಡರ್‌ಬೋರ್ನ್, 2016ರದ್ದು ಫ್ರಾನ್ಸ್‌ನ ಓರಿಯಾಕ್. 2008ರಿಂದ ಈಚಿನ ಈ ನಾಲ್ಕು ಸಮ್ಮೇಳನಗಳ ಪ್ರಬಂಧ ಸಂಪುಟಗಳನ್ನು ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿ ಪ್ರಕಟಿಸಿದೆ. ಈ ಕ್ಷೇತ್ರಕ್ಕೆ ಬುನಾದಿ ಹಾಕಿದವರು ನೆದರ್ಲೆಂಡ್ಸ್‌ನ ಮೊನ್ನಾ, 1940ರ ದಶಕದಲ್ಲಿ. ನಮ್ಮ ಕಡೆಯೂ ಇದ್ದಾರೆ. ಚೆನ್ನೈನ ಪಿ. ಎನ್. ನಟರಾಜನ್ ಅಲ್ಟ್ರಾಮೆಟ್ರಿಕ್ ಸಮ್ಮಬಿಲಿಟಿ (ಸರಣಿಗಳಿಗೆ ಮೊತ್ತ ಕೊಡುವ ವಿಧಾನಗಳು) ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ.

ಪೇಪರ್ ಇಲ್ಲದೆ ಹೋಗಬಹುದಾ ಅಂದರೆ, ಹೋಗಬಹುದು. ಆದರೆ ಎಂಎಸ್ಸಿಯಲ್ಲಿ ಸಾಲ ಮಾಡಿ ಹೊರದೇಶಕ್ಕೆ ಹೋಗಬೇಡ. ಅದಕ್ಕಿಂತ ಒಳ್ಳೆಯ ದಾರಿ ಇಲ್ಲೇ ಇದೆ. ನ್ಯಾಷನಲ್ ಬೋರ್ಡ್ ಫಾರ್ ಹೈಯರ್ ಮ್ಯಾಥಮೆಟಿಕ್ಸ್ ಎಂಎಸ್ಸಿಗೂ ಪಿಎಚ್‌ಡಿಗೂ ವಿದ್ಯಾರ್ಥಿವೇತನ ಕೊಡುತ್ತದೆ. ಅವರ ನೆರವಿನಿಂದ ನಡೆಯುವ ಎಟಿಎಂ (ಅಡ್ವಾನ್ಸ್ಡ್ ಟ್ರೇನಿಂಗ್ ಇನ್ ಮ್ಯಾಥಮೆಟಿಕ್ಸ್) ಶಾಲೆಗಳಿವೆ. 1993ರಿಂದ ನಡೆಯುತ್ತಿರುವ ಎಂಟಿಟಿಎಸ್ (ಮ್ಯಾಥಮೆಟಿಕ್ಸ್ ಟ್ರೇನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್) ಬೇಸಿಗೆ ಶಿಬಿರ ಇದೆ. ಬೆಂಗಳೂರಿನ ಸಂಶೋಧನಾ ಕೇಂದ್ರ ಐಸಿಟಿಎಸ್ ತನ್ನ ಉಪನ್ಯಾಸಗಳನ್ನು ಯೂಟ್ಯೂಬ್‌ಗೆ ಹಾಕುತ್ತದೆ. ಈ ಸಮ್ಮೇಳನದ ಉಪನ್ಯಾಸಗಳು ಆನ್‌ಲೈನ್ ಇವೆಯಾ ಅಂತ ಸಂಘಟಕರಿಗೆ ಒಂದು ಇಮೇಲ್ ಹಾಕು. ವಿದ್ಯಾರ್ಥಿ ಅಂತ ನಿನ್ನ ಬಗ್ಗೆ ಎರಡು ಸಾಲು ಬರೆ. ಓದಲು ಗೊವೇಯಾ ಅವರ ಪಿ-ಆಡಿಕ್ ಪರಿಚಯ ಪುಸ್ತಕದಿಂದ ಶುರು ಮಾಡು, ಒಬ್ಬರೇ ಕೂತು ಓದಲು ಅದೇ ಸುಲಭ.

ಉಪನ್ಯಾಸ ಕೇಳುವಾಗ ಹತ್ತರಲ್ಲಿ ಎಂಟು ಅರ್ಥವಾಗದಿದ್ದರೆ ಗಾಬರಿಯಾಗಬೇಡ. ಅನುಭವಿಗಳಿಗೂ ಬೇರೆಯವರ ವಿಷಯದಲ್ಲಿ ಹಾಗೇ ಆಗುತ್ತದೆ. ಮೊದಲ ಹತ್ತು ನಿಮಿಷ ಗಮನ ಇಟ್ಟು ಕೇಳು. ಪ್ರಶ್ನೆ ಎಲ್ಲಿಂದ ಬಂತು ಅಂತ ಅಲ್ಲೇ ಹೇಳುತ್ತಾರೆ.

ಸೇಡಂ ಮಾಸ್ತರ

ಪರೀಕ್ಷೆಯ ಮಾತಿಗೆ ಬರುತ್ತೇನೆ ಅಂದಿದ್ದೆ. ಶಹಾಪುರದವರೇ, ನೀವು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಈ ಹುಡುಗಿಯನ್ನೇ ನೋಡಿ. ಎರಡು ದಿನದಲ್ಲಿ ಮೆಟ್ರಿಕ್ ಸ್ಪೇಸ್, ಕಂಪ್ಲೀಟ್‌ನೆಸ್, ಹಾನ್-ಬನಾಖ್ ಎಲ್ಲವನ್ನೂ ಮತ್ತೆ ತೆಗೆದು ತಿರುವಿ ಹಾಕಿದ್ದಾಳೆ. ನೆಟ್‌ನಲ್ಲೂ ಕೆ-ಸೆಟ್‌ನಲ್ಲೂ ಕೇಳುವುದು ಅದನ್ನೇ. ಒಂದೇ ಉದಾಹರಣೆ ಗೊತ್ತಿದ್ದವರಿಗೆ ವ್ಯಾಖ್ಯೆ ಬಾಯಿಪಾಠ ಆಗುತ್ತದೆ. ಪಿ-ಆಡಿಕ್ ಥರ ಪೂರ್ತಿ ಬೇರೆ ಉದಾಹರಣೆ ಕೈಯಲ್ಲಿದ್ದರೆ ವ್ಯಾಖ್ಯೆಯ ಪ್ರತಿ ಪದ ಯಾಕಿದೆ ಅಂತ ಗೊತ್ತಾಗುತ್ತದೆ. ಇದನ್ನು ನಾನು ಕ್ಲಾಸಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ಶಹಾಪುರ ಓದುಗ

ಒಪ್ಪಿದೆ ಸರ್. ಹೋದ ಸಲದ ಪರೀಕ್ಷೆಯಲ್ಲಿ ನನಗೆ ಕಷ್ಟವಾಗಿದ್ದು ಮೆಟ್ರಿಕ್ ಸ್ಪೇಸ್ ಪ್ರಶ್ನೆಗಳೇ. ತಂಗಿ, ನೀನು ಓದುವುದಾದರೆ ನಾನೂ ಜೊತೆಗೆ ಬರುತ್ತೇನೆ. ಯಾದಗಿರಿಯಿಂದ ಕಲಬುರಗಿಗೆ ರೈಲಿದೆ, ತೊಂದರೆ ಇಲ್ಲ.

ಎಂಎಸ್ಸಿ ಕಲಬುರಗಿ

ಖಂಡಿತ ಬನ್ನಿ ಅಣ್ಣ. ಸಂಘಟಕರಿಗೆ ಇಮೇಲ್ ಹಾಕಿದ್ದೇನೆ. ನಮ್ಮ ಕ್ಲಾಸಿನ ಮೂವರು ಗೆಳತಿಯರು ಸೇರುತ್ತಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೂರೋಣ ಅಂತಿದ್ದೇವೆ, ಜಾಗ ಗೊತ್ತಾದ ಮೇಲೆ ಇಲ್ಲೇ ಹಾಕುತ್ತೇನೆ.

ಸರ್, -1ರ ವರ್ಗಮೂಲ ಬೇರೆ ಅವಿಭಾಜ್ಯಗಳಿಗೆ ಹುಡುಕಿದೆ. 7ಕ್ಕೆ ಮೊದಲ ಹೆಜ್ಜೆಯೇ ಸಿಗಲಿಲ್ಲ. ವರ್ಗಗಳನ್ನು 7ರಿಂದ ಭಾಗಿಸಿದರೆ ಶೇಷ 0, 1, 2, 4 ಮಾತ್ರ ಬರುತ್ತದೆ, 6 ಬರುವುದಿಲ್ಲ. 13ಕ್ಕೆ ಸಿಕ್ಕಿತು. 5ರ ವರ್ಗ 25, ವ್ಯತ್ಯಾಸ 26. ಮುಂದಿನದು 70, ಅದರ ವರ್ಗ 4900, ವ್ಯತ್ಯಾಸ 4901, ಅದು 169ರ 29 ಪಟ್ಟು. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯಗಳಿಗೆ ಸಿಗುತ್ತದೆ, 3 ಉಳಿಯುವವಕ್ಕೆ ಸಿಗುವುದಿಲ್ಲ ಅನ್ನಿಸುತ್ತಿದೆ.

ಸೇಡಂ ಮಾಸ್ತರ

ಸರಿಯಾಗಿದೆ. ಸಾಧನೆಗೆ ಫರ್ಮಾ ಅವರ ಚಿಕ್ಕ ಪ್ರಮೇಯ ಬಳಸು. 2ನ್ನು ಬೇರೆಯಾಗಿ ನೋಡಬೇಕು, ಅಲ್ಲಿ 4ರ ಶೇಷ ಸಾಕು. ಭಾನುವಾರಕ್ಕೆ ಎಲ್ಲರೂ ಇದನ್ನು ಮಾಡಿಕೊಂಡು ಬನ್ನಿ. 7-ಆಡಿಕ್‌ನಲ್ಲಿ 2ರ ವರ್ಗಮೂಲ ಇದೆ, 3, 10, 108 ಅಂತ ಶುರುವಾಗುತ್ತದೆ. ಮುಂದಿನ ಸಂಖ್ಯೆ ಯಾವುದು? ಸೇಡಂನಿಂದ ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ. ಬೋರ್ಡ್ ಇರುವ ಕೋಣೆ ನೋಡಿ.